ಹೈಸ್ಕೂಲು, ಪಿಯು ಮಕ್ಕಳಿರುವ ಮನೆಯವರು ಸ್ವಲ್ಪ ನೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ (ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ, ಅದೇ) 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. 2020ರಲ್ಲಿ ಹಳ್ಳಿ ಮಕ್ಕಳನ್ನು ಲೈಬ್ರರಿಗೆ ಸೇರಿಸುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಹೀಗೇ ಇದೆ, ಆದರೂ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಪುಟಾಣಿಗಳು ಹೇಗೂ ಚಿತ್ರದ ಪುಸ್ತಕಕ್ಕೆ ಬರುತ್ತಾರೆ, ಎಂಟನೇ ಕ್ಲಾಸು ದಾಟಿದವರೇ ಕಾಣೆ. ಅವರಿಗೆ ಅಂತಲೇ ಕಿಟಕಿ ಪಕ್ಕದ ಉದ್ದ ಮೇಜು ಬಿಟ್ಟಿದ್ದೇವೆ, ಎಸ್ಸೆಸ್ಸೆಲ್ಸಿ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ಅದರ ಮೇಲೇ ಇದೆ, ಕಂಪ್ಯೂಟರ್ ಇದೆ, ಚೆಸ್ ಇದೆ, ಕೇರಂ ಇದೆ (ಸ್ಟ್ರೈಕರ್ ಯಾರೋ ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ, ದಯವಿಟ್ಟು ತಂದಿಡಿ). ಮೆಲ್ಲಗೆ ಮಾತಾಡಿಕೊಂಡರೆ ಯಾರೂ ಬೈಯುವುದಿಲ್ಲ.

‘ಓದು, ಓದು’ ಅಂತ ಅಟ್ಟಬೇಡಿ, ಸುಮ್ನೆ ಕಳಿಸಿ. ಹೆಸರು ಬರೆಸಲು ಮೇಲ್ವಿಚಾರಕರನ್ನು ಕಂಡರಾಯಿತು.