ಅಮ್ಮ, ಇದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು

ಕೆಮ್ನಿಟ್ಸ್, ಜರ್ಮನಿ
ಮಾರ್ಚ್ 2025

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬುಧವಾರ ಬಂತು. ಪುಟ್ಟಿಯ ಪರೀಕ್ಷೆ, ದೊಡ್ಡಮ್ಮನ ಮಂಡಿನೋವು ಎಲ್ಲ ಓದಿದೆ. ಆದರೆ ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅದೇ ಅವತ್ತಿಂದ ತಲೆಯಲ್ಲಿ ಕೂತುಬಿಟ್ಟಿದೆ. ಅಪ್ಪ ಕಣ್ಣಿನ ಆಪರೇಷನ್ ಮುಂದೆ ಹಾಕಿದ್ದಾರೆ. "ಮಗಳು ಅಲ್ಲಿ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದಾಳೆ, ಮೊದಲು ಅವಳಿಗೆ ದುಡ್ಡು ಕಳಿಸೋಣ" ಅಂದರಂತೆ. ಫೋನಿನಲ್ಲಿ ಕೇಳಿದರೆ "ಎಲ್ಲ ಸರಿ ಇದೆ" ಅಂತ ನಿನ್ನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಊಟ ಆದಮೇಲೆ ಟಿವಿ ಆರಿಸಿ ಕೂರಿಸಿಕೊಂಡು ಓದು.

ಮೊದಲು ದುಡ್ಡಿನ ಮಾತು. ಅಪ್ಪ ಬ್ಲಾಕ್ಡ್ ಅಕೌಂಟಿಗೆ, ಅಂದರೆ ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆಗೆ, ಕಟ್ಟಿದ ಹಣ ತಿಂಗಳು ತಿಂಗಳು ತಪ್ಪದೆ ಬರುತ್ತಿದೆ. ಬಾಡಿಗೆ, ಇನ್ಶೂರೆನ್ಸ್, ಊಟ ಎಲ್ಲ ಅದರಲ್ಲೇ ನಡೆಯುತ್ತದೆ. ಪಾಠದ ದುಡ್ಡು ಅದರ ಮೇಲಿನದು. ವಾರಕ್ಕೆ ಮೂರು ಸಂಜೆ, ಅಷ್ಟೇ. ಓದು ಬಿಟ್ಟು ದುಡಿಯೋಣ ಅಂದರೂ ಇಲ್ಲಿ ಬಿಡುವುದಿಲ್ಲ. ನಮ್ಮಂಥ ಸ್ಟೂಡೆಂಟ್‌ಗಳಿಗೆ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಮಾತ್ರ ಕೆಲಸ. ನಾಲ್ಕು ಗಂಟೆಯ ಒಳಗಿದ್ದರೆ ಅರ್ಧ ದಿನದ ಲೆಕ್ಕ. ಸ್ವಂತಕ್ಕೆ ಮನೆಮನೆಗೆ ಹೋಗಿ ಪಾಠ ಹೇಳಿ ಫೀಸು ತೆಗೆದುಕೊಳ್ಳಬೇಕಾದರೆ ಬೇರೆ ಅನುಮತಿ ಬೇಕು. ಅದಕ್ಕೇ ನಾನು ಒಂದು ಟ್ಯೂಷನ್ ಸೆಂಟರಿನಲ್ಲಿ ಸಂಬಳಕ್ಕೆ ಸೇರಿರುವುದು. ಸೇರುವ ಮುಂಚೆ ನನ್ನ ಮೇಲೆ ಯಾವ ಕೇಸೂ ಇಲ್ಲ ಅಂತ ಸರ್ಕಾರದ ಸರ್ಟಿಫಿಕೇಟ್ ಕೊಡಬೇಕಾಯಿತು. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಅದರಲ್ಲೇ ಒಂದು ವಿಶೇಷ ನಮೂನೆ ಇದೆ. ಈ ವಿಷಯದಲ್ಲಿ ಇವರನ್ನು ಮೆಚ್ಚಬೇಕು.

ನನ್ನ ಹತ್ತಿರ ಮೂರನೇ ಕ್ಲಾಸಿನ ಒಬ್ಬ ಹುಡುಗ ಬರುತ್ತಾನೆ. ಅವನ ಕಥೆ ಅಪ್ಪನಿಗೆ ಇಷ್ಟವಾಗುತ್ತದೆ, ನಿಧಾನವಾಗಿ ಓದು. ಜರ್ಮನ್ ಭಾಷೆಯಲ್ಲಿ 47 ಅನ್ನುವಾಗ "ಏಳು ಮತ್ತು ನಲವತ್ತು" ಅನ್ನುತ್ತಾರೆ. 347 ಅಂದರೆ "ಮುನ್ನೂರು ಏಳು ಮತ್ತು ನಲವತ್ತು". ಮೊದಲು ನೂರು, ಆಮೇಲೆ ಬಿಡಿ, ಕೊನೆಗೆ ಹತ್ತು. ಈ ಹುಡುಗ ಕಿವಿಗೆ ಬಿದ್ದ ಹಾಗೇ ಬರೆಯುತ್ತಾನೆ. 347 ಹೋಗಿ 374 ಆಗುತ್ತದೆ. ಕೂಡುವುದು, ಕಳೆಯುವುದು ಎಲ್ಲ ಚೆನ್ನಾಗಿ ಬರುತ್ತದೆ, ಆದರೆ ಬರೆದುಕೊಂಡ ಸಂಖ್ಯೆಯೇ ತಪ್ಪು. ಹಾಗಾಗಿ ಪಾಪ ಎಲ್ಲ ತಪ್ಪು.

ಇಲ್ಲಿ ಚಿಕ್ಕ ಮಕ್ಕಳೂ ಇಂಕ್ ಪೆನ್ನಿನಲ್ಲಿ ಬರೆಯುತ್ತಾರೆ. ನೀಲಿ ಇಂಕನ್ನು ಅಳಿಸಲು ಇನ್ನೊಂದು ಪೆನ್ ಇರುತ್ತದೆ, ಉಜ್ಜಿದರೆ ಅಕ್ಷರ ಮಾಯ. ಇವನು ಒಂದು ಸಂಖ್ಯೆ ಬರೆದು, ನನ್ನ ಮುಖ ನೋಡಿ, ನಾನು ಬಾಯಿ ಬಿಡುವ ಮುಂಚೆಯೇ ಅಳಿಸಿಬಿಡುತ್ತಿದ್ದ. ಸರಿ ಇದ್ದದ್ದನ್ನೂ ಅಳಿಸುತ್ತಿದ್ದ. ಒಂದು ದಿನ ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಆ ತೂತನ್ನು ಬೆರಳಿನಿಂದ ಮುಚ್ಚಿಕೊಂಡು ಕೂತುಬಿಟ್ಟ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು ಅಮ್ಮ. ಅವತ್ತಿಂದ ಕ್ಲಾಸು ಮುಗಿಯುವ ತನಕ ಅಳಿಸುವ ಪೆನ್ ನನ್ನ ಬ್ಯಾಗಿನಲ್ಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರಿ ಅಂದೆ.

ಆಮೇಲೆ ದಪ್ಪ ಹಾಳೆ ಕತ್ತರಿಸಿ ಚೀಟಿ ಮಾಡಿದೆ. 300 ಉದ್ದ, 40 ಅದಕ್ಕಿಂತ ಗಿಡ್ಡ, 7 ಎಲ್ಲಕ್ಕಿಂತ ಚಿಕ್ಕದು. ಬಲಗಡೆ ಸರಿಯಾಗಿ ಒಂದರ ಮೇಲೊಂದು ಇಟ್ಟರೆ 347 ಕಾಣುತ್ತದೆ. ನಾನು ಹೇಳಿ ಮುಗಿಸುವ ತನಕ ಪೆನ್ ಮುಟ್ಟುವ ಹಾಗಿಲ್ಲ. ಒಂದು ಸಲ ಸುಮ್ನೆ ಕೇಳಿದ, ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ ಅಂತ. ಮುನ್ನೂರ ನಲವತ್ತೇಳು ಅಂದೆ. ಮೊದಲು ಮುನ್ನೂರು, ಆಮೇಲೆ ನಲವತ್ತು, ಆಮೇಲೆ ಏಳು. ಬರೆಯುವ ಹಾಗೇ ಹೇಳುತ್ತೇವೆ, ಹೇಳಿದ ಹಾಗೇ ಬರೆಯುತ್ತೇವೆ. ಅವನ ಕಣ್ಣು ಇಷ್ಟಗಲ ಆಯಿತು. ನನಗೂ ಅಷ್ಟು ದಿನ ಅದು ಹೊಳೆದಿರಲಿಲ್ಲ ನೋಡು. ಈಗ ಪೆನ್ ಎತ್ತುವ ಮುಂಚೆ "ನಲವತ್ತೇಲು" ಅಂತ ಗೊಣಗಿಕೊಳ್ಳುತ್ತಾನೆ. "ಳು" ಇನ್ನೂ ಬಂದಿಲ್ಲ. ಹೋದ ಟೆಸ್ಟಿನಲ್ಲಿ 4 ಇದ್ದದ್ದು 3 ಆಯಿತು. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಕೆಟ್ಟದ್ದು ಅಂತ ಪುಟ್ಟಿಗೆ ಹೇಳು. ಇಳಿದಷ್ಟೂ ಖುಷಿ.

ಅವನನ್ನು ಕರೆದುಕೊಂಡು ಬರುವುದು ತಾತ. ಲೆಕ್ಕ ಸರಿ ಬಂದರೆ "ಆಡಂ ರೀಸ್ ಪ್ರಕಾರ ಸರಿ" ಅನ್ನುತ್ತಾರೆ. ಆಡಂ ರೀಸ್ ಅನ್ನುವವರು 500 ವರ್ಷದ ಹಿಂದೆ ನಮ್ಮ ಪಕ್ಕದ ಆನ್ನಬೆರ್ಗ್ ಊರಿನಲ್ಲಿ ಲೆಕ್ಕದ ಶಾಲೆ ನಡೆಸುತ್ತಿದ್ದರು. ಲ್ಯಾಟಿನ್ ಬಿಟ್ಟು ಜನರ ಭಾಷೆಯಲ್ಲೇ ಲೆಕ್ಕ ಬರೆದರು. ಅವರು ತೀರಿಕೊಂಡದ್ದು 1559ರಲ್ಲಿ. ಇವತ್ತಿಗೂ ಜನ ಅವರ ಹೆಸರು ಹೇಳಿ ಲೆಕ್ಕ ಮುಗಿಸುತ್ತಾರೆ. ಲೆಕ್ಕದ ಮೇಷ್ಟ್ರಿಗೆ ಇಷ್ಟು ಮರ್ಯಾದೆ ಕೊಡುವ ಊರಿನಲ್ಲಿ ನಾನು ಪಾಠ ಹೇಳುತ್ತಿದ್ದೇನೆ ಅಂತ ಅಪ್ಪನಿಗೆ ಹೇಳು. ಮಕ್ಕಳು ಮಾತ್ರ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮೇಡಂ ಇಲ್ಲ, ಮಿಸ್ ಇಲ್ಲ. ಈಗ ಅಭ್ಯಾಸವಾಗಿದೆ.

ಬೇಜಾರಿನ ದಿನಗಳೂ ಇವೆ, ಮುಚ್ಚಿಡುವುದಿಲ್ಲ. 90 ನಿಮಿಷದ ಕ್ಲಾಸಿಗೆ ಮಾತ್ರ ದುಡ್ಡು. ಟ್ರಾಮಿನಲ್ಲಿ ಹೋಗಿಬರುವುದು, ಹಿಂದಿನ ರಾತ್ರಿ ಹಾಳೆ ಕತ್ತರಿಸುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೇಸಿಗೆಯಲ್ಲಿ ಆರು ವಾರ ರಜೆ, ಆಗ ಮಕ್ಕಳೇ ಇರುವುದಿಲ್ಲ. ಒಬ್ಬರು ನನ್ನ ಉಚ್ಚಾರ ಸರಿಯಿಲ್ಲ ಅಂತ ಮಗುವಿಗೆ ಬೇರೆ ಟೀಚರ್ ಕೇಳಿದರು. ಅವತ್ತು ರೂಮಿಗೆ ಬಂದು ಅತ್ತೆ. ಮಾರನೇ ದಿನ ಸರಿಯಾದೆ.

ಹೆಚ್ಚು ನೋವಾದದ್ದು ನಾಲ್ಕನೇ ಕ್ಲಾಸಿನ ಹುಡುಗಿಯದ್ದು. ಇಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳ ದಾರಿ ಬೇರೆಯಾಗುತ್ತದೆ. ಫೆಬ್ರವರಿಯಲ್ಲಿ ಅಂಕಪಟ್ಟಿಯ ಜೊತೆ ಒಂದು ಶಿಫಾರಸು ಪತ್ರ ಕೊಡುತ್ತಾರೆ, ಮುಂದೆ ಯೂನಿವರ್ಸಿಟಿ ಕಡೆಗೆ ಹೋಗುವ ಗಿಮ್ನಾಸಿಯಮ್‌ಗೋ ಅಥವಾ ಇನ್ನೊಂದು ಶಾಲೆಗೋ ಅಂತ. ಅವಳಿಗೆ ಬೇಕಾದ ಪತ್ರ ಬರಲಿಲ್ಲ. ಹತ್ತು ವರ್ಷದ ಮಗು ಅಮ್ಮ. ಮುಂದಿನ ವಾರದಿಂದ ಅವಳು ಬರುವುದು ನಿಂತಿತು. ಭಿನ್ನರಾಶಿ ಅಂದರೆ ಎಷ್ಟು ಖುಷಿ ಪಡುತ್ತಿದ್ದಳು. ಅವಳಿಗೆ ಒಂದು ಮಾತು ಹೇಳಲೂ ಆಗಲಿಲ್ಲ. ಇದೊಂದು ನನಗೆ ಇನ್ನೂ ಹೋಗಿಲ್ಲ.

ಇರಲಿ. ಈಗ ಕಣ್ಣಿನ ವಿಷಯ. ಅಪ್ಪ ಕರೆಂಟ್ ಬಿಲ್ಲಿನ 3 ಅನ್ನು 8 ಅಂತ ಓದಿ ಪುಟ್ಟಿಯ ಜೊತೆ ಜಗಳ ಆಡಿದರು ಅಂತ ನೀನೇ ಬರೆದಿದ್ದೀಯ. ಸಂಜೆ ಎದುರು ಬರುವ ಗಾಡಿಯ ಲೈಟು ಕಣ್ಣಿಗೆ ಚುಚ್ಚುತ್ತದೆ ಅಂತಲೂ ಬರೆದಿದ್ದೀಯ. ಅದು ಪೊರೆಯದೇ ಲಕ್ಷಣ. "ಪೊರೆ ಬಲಿಯಲಿ, ಆಮೇಲೆ ನೋಡೋಣ" ಅನ್ನುವುದು ಹಳೇ ಕಾಲದ ಮಾತು. ಈಗ ಬಲಿಯುವ ತನಕ ಕಾಯಬೇಕಾಗಿಲ್ಲ. ಜಾಸ್ತಿ ಬಲಿತರೆ ತೆಗೆಯುವುದು ಇನ್ನೂ ಕಷ್ಟ. ಮಂಜಾದ ಮಸೂರ ತೆಗೆದು ಹೊಸದು ಇಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಕೆಲವು ವಾರ ಡ್ರಾಪ್ಸ್ ಹಾಕಬೇಕು, ಕಣ್ಣು ಉಜ್ಜಬಾರದು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಅದನ್ನು ಡಾಕ್ಟರಿಗೆ ಮೊದಲೇ ಹೇಳು. ಆಪರೇಷನ್‌ಗೆ ಮುಂಚೆ ಶುಗರ್ ಹತೋಟಿಯಲ್ಲಿರಬೇಕು. ಅಲ್ಲಿಯ ತನಕ ಕತ್ತಲಾದ ಮೇಲೆ ಸ್ಕೂಟರ್ ಬೇಡ. ಕೀ ನೀನೇ ಇಟ್ಟುಕೋ.

ಮೂರು ತಿಂಗಳ ಪಾಠದ ದುಡ್ಡು ಕೂಡಿಟ್ಟಿದ್ದೆ. ಇವತ್ತು ನಿನ್ನ ಅಕೌಂಟಿಗೆ ಹಾಕಿದ್ದೇನೆ, ಸೋಮವಾರ ಬ್ಯಾಂಕಿನಲ್ಲಿ ಕೇಳು. ಅದನ್ನು ನನಗೆ ವಾಪಸ್ ಕಳಿಸಬೇಡಿ. ಪುಟ್ಟಿಯ ಫೀಸಿಗೂ ಬೇಡ. ಅಪ್ಪನ ಕಣ್ಣಿಗೆ ಮಾತ್ರ. ನನಗೆ 47 ಬರೆಯಲು ಕೈ ಹಿಡಿದು ಕಲಿಸಿದವರು ಅವರೇ. ಸ್ಲೇಟಿನ ಮೇಲೆ 4 ಹಾಕುವಾಗ ನನ್ನ ಬೆರಳ ಮೇಲೆ ಅವರ ಬೆರಳು ಇರುತ್ತಿತ್ತು, ಆ ಬಿಸಿ ಇನ್ನೂ ನೆನಪಿದೆ. ಆಪರೇಷನ್ ಬೇಡ ಅಂದರೆ ಈ ಸಾಲನ್ನು ಇನ್ನೊಮ್ಮೆ ಓದು.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ಜ್ವರ ಇಲ್ಲ, ಕೆಮ್ಮು ಇಲ್ಲ. ಎರಡು ಹೊತ್ತು ಸರಿಯಾಗಿ ಊಟ ಮಾಡುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ. ನೀನು ಹೆಣೆದ ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಪರೀಕ್ಷೆಗೂ ಓದುತ್ತಿದ್ದೇನೆ, ಅದೂ ಚೆನ್ನಾಗೇ ನಡೆದಿದೆ.

ಐದೂವರೆಗೆ ಕ್ಲಾಸಿದೆ, ಟ್ರಾಮಿಗೆ ಏಳು ನಿಮಿಷ ಉಳಿದಿದೆ. ಪುಟ್ಟಿಗೆ, ದೊಡ್ಡಮ್ಮನಿಗೆ ಬೇರೆ ಬರೆಯುತ್ತೇನೆ. ಆಪರೇಷನ್ ತಾರೀಕು ಗೊತ್ತಾದ ತಕ್ಷಣ ಮೆಸೇಜ್ ಮಾಡು, ಅರ್ಧ ರಾತ್ರಿ ಆದರೂ ಸರಿ.

ನಿನ್ನ ಮಗಳು