ಅಪ್ಪಯ್ಯನನ್ನು ಬೋಟು ಹತ್ತಿಸುವ ಬಗ್ಗೆ, ಅಮ್ಮನಿಗೆ

ಲೆಕ್ಕೊ, ಇಟಲಿ
ಭಾನುವಾರ ರಾತ್ರಿ

ಅಮ್ಮನಿಗೂ ಅಪ್ಪಯ್ಯನಿಗೂ ನಮಸ್ಕಾರ.

ಉಭಯ ಕುಶಲೋಪರಿ. ಭಾವನ ಕೈಲಿ ಕೊಟ್ಟು ಕಳಿಸಿದ ನಿನ್ನ ಕಾಗದ, ಅಪ್ಪೆಮಿಡಿ ಎರಡೂ ಸೋರದೆ ಬಂದು ಮುಟ್ಟಿದವು. ಕಾಗದದಲ್ಲಿ ಊರಿನ ಸುದ್ದಿ ನಾಲ್ಕು ಸಾಲು, ಮೇನಲ್ಲಿ ನೀವು ಇಲ್ಲಿಗೆ ಬಂದಾಗ ಹತ್ತುವ ಬೋಟಿನ ಹೆದರಿಕೆ ಮೂರು ಪುಟ. ಅಪ್ಪಯ್ಯನಿಗೆ ಸ್ಟೆಂಟ್ ಹಾಕಿ ಆರು ತಿಂಗಳೂ ಆಗಿಲ್ಲ, ಬಲಮಂಡಿ ಬೇರೆ ಹಾಗಿದೆ, ನೀರಿನ ಮೇಲೆ ಯಾಕೆ ಕರೆದುಕೊಂಡು ಹೋಗಬೇಕು, ದಂಡೆಯಲ್ಲಿ ಕೂತು ನೋಡಿದರೆ ಸಾಲದಾ ಅಂತ ಕೇಳಿದ್ದೀಯ. ಸಾಲದು. ಯಾಕೆ ಅಂತ ಬರೆಯುತ್ತೇನೆ, ಅಪ್ಪಯ್ಯನಿಗೂ ಓದಿ ಹೇಳು. ನಡುನಡುವೆ ಬಿಟ್ಟು ಓದಬೇಡ.

ಕೊಮೊ ಸರೋವರದಲ್ಲಿ ಕಷ್ಟ ಇರುವುದು ನೀರಿನ ಮೇಲಲ್ಲ, ನೆಲದ ಮೇಲೆ. ಕ್ಯಾಟರ್‌ಬಿಲ್ಲಿನ ಕವೆಯನ್ನು ತಲೆಕೆಳಗು ಮಾಡಿ ಇಟ್ಟ ಹಾಗಿದೆ ಅದರ ಆಕಾರ. ಒಂದು ಕಾಲಿನ ತುದಿಗೆ ಕೊಮೊ ಊರು, ಇನ್ನೊಂದರ ತುದಿಗೆ ನಾನಿರುವ ಲೆಕ್ಕೊ. ಕವೆ ಕೂಡುವಲ್ಲಿ ಬೆಲ್ಲಾಜೊ, ಅದಕ್ಕೆ ಪೂರ್ವಕ್ಕೆ ವರೆನ್ನಾ, ಪಶ್ಚಿಮಕ್ಕೆ ಮೆನಾಜೊ, ತ್ರೆಮೆಜೊ, ಲೆನ್ನೊ. ಎರಡು ಕಡೆಯೂ ಬೆಟ್ಟ ನೇರ ನೀರಿಗೆ ಇಳಿದಿರುವುದರಿಂದ ಊರುಗಳೆಲ್ಲ ಮೆಟ್ಟಿಲ ಮೇಲೆ ನಿಂತಿವೆ. ಬೆಲ್ಲಾಜೊದ ಓಣಿಗಳಂತೂ ಓಣಿಗಳೇ ಅಲ್ಲ, ಉರುಟುಕಲ್ಲು ಹಾಸಿದ ಮೆಟ್ಟಿಲ ಸಾಲು. ದೊಡ್ಡ ದೊಡ್ಡ ಬಂಗಲೆಗಳೆಲ್ಲ ಮುಖ ಮಾಡಿರುವುದು ನೀರಿನ ಕಡೆಗೆ, ರಸ್ತೆಗೆ ಕಾಣುವುದು ಬರೀ ಗೋಡೆ. ದಂಡೆಯಲ್ಲಿ ನಡೆದು ನೋಡುತ್ತೇನೆ ಅಂದರೆ ಅಪ್ಪಯ್ಯನ ಮಂಡಿ ಅರ್ಧ ಗಂಟೆಯೂ ತಡೆಯಲ್ಲ. ಬೋಟಿನಲ್ಲಾದರೆ ಕೂತ ಜಾಗದಲ್ಲೇ ಎಲ್ಲವೂ ಎದುರಿಗೆ ಬರುತ್ತದೆ.

ಇನ್ನು ಯಾವ ಬೋಟು ಅನ್ನುವುದು. ಇಲ್ಲಿ ಸರ್ಕಾರದ ಫೆರಿ ಇದೆ, ಕಾರು ಹೊತ್ತು ಹೋಗುವ ಫೆರಿಯೂ ಇದೆ. ಸೇತುವೆ ಆಗುವ ಮೊದಲು ಹೊಳೆಬಾಗಿಲಿನಲ್ಲಿ ಬಸ್ಸನ್ನೇ ಹೊತ್ತು ದಾಟುತ್ತಿತ್ತಲ್ಲ ಸಿಗಂದೂರಿನ ಲಾಂಚು, ಅದೇ ಜಾತಿ, ಬಣ್ಣ ಮಾತ್ರ ಸ್ವಲ್ಪ ಚೆನ್ನಾಗಿದೆ. ವರೆನ್ನಾದಿಂದ ಬೆಲ್ಲಾಜೊಗೆ ಕಾಲು ಗಂಟೆ, ಟಿಕೆಟ್ ಐದು ಯೂರೊ ಆಸುಪಾಸು. ಅಗ್ಗ ಹೌದು, ಆದರೆ ಮೇ ತಿಂಗಳಲ್ಲಿ ಬಿಸಿಲಲ್ಲಿ ಸರತಿ ನಿಲ್ಲಬೇಕು, ಒಳಗೆ ಸೀಟು ಸಿಗುವ ಖಾತ್ರಿ ಇಲ್ಲ, ಹತ್ತುವಾಗ ಹಿಂದಿನಿಂದ ನೂಕುವವರು ಇರುತ್ತಾರೆ. ನಾನು ನೋಡಿಟ್ಟಿರುವುದು ಹತ್ತು ಹನ್ನೆರಡು ಜನ ಕೂರುವ ಸಣ್ಣ ಬೋಟು. ಕ್ಯಾಪ್ಟನ್ ಒಬ್ಬನೇ, ಓಡಿಸುವವನೂ ಅವನೇ, ತೋರಿಸಿ ಹೇಳುವವನೂ ಅವನೇ. ಒಂದು ಗಂಟೆಯ ಸುತ್ತಿಗೆ ತಲೆಗೆ ಮೂವತ್ತೈದರಿಂದ ಐವತ್ತು ಯೂರೊ. ದಯವಿಟ್ಟು ನೂರರಿಂದ ಗುಣಿಸಬೇಡ. ಗುಣಿಸಿದ್ದರೂ ಅಪ್ಪಯ್ಯನಿಗೆ ಹೇಳಬೇಡ. ಎರಡು ಗಂಟೆಯದ್ದೂ ಇದೆ, ಬೇಡ. ಸಣ್ಣ ಬೋಟಿನಲ್ಲಿ ಬಾತ್‌ರೂಮ್ ಇರುವುದಿಲ್ಲ, ಅಪ್ಪಯ್ಯನಿಗೆ ಬೆಳಗ್ಗೆ ಮೂತ್ರ ಹೋಗುವ ಮಾತ್ರೆ ಇದೆ. ಆ ಒಂದು ದಿನಕ್ಕೆ ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿಕೊಂಡು ಬಾ. ನೀನಾಗಿ ಬಿಡಿಸಬೇಡ. ಹತ್ತುವ ಮೊದಲು ದಕ್ಕೆಯ ಹತ್ತಿರದ ಕಾಫಿ ಬಾರಿನಲ್ಲಿ ನಿಂತು ಒಂದೊಂದು ಕಾಫಿ ಕುಡಿದರೆ ಒಳಗಿನ ಬಾತ್‌ರೂಮಿಗೆ ಹೋಗಬಹುದು. ನಿಂತು ಕುಡಿದರೆ ಒಂದೂವರೆ ಯೂರೊ ಒಳಗೆ ಮುಗಿಯುತ್ತದೆ, ಕೂತು ಕುಡಿದರೆ ರೇಟೇ ಬೇರೆ. ಕುರ್ಚಿಗೂ ದುಡ್ಡು ಇಲ್ಲಿ!

ಹೊತ್ತು ಬೆಳಗಿನದೇ ಆಗಬೇಕು, ಹತ್ತು ಗಂಟೆಯ ಒಳಗೆ. ಇದು ನನ್ನ ಹಟ ಅಲ್ಲ, ಗಾಳಿಯ ಲೆಕ್ಕ. ಇಲ್ಲಿ ಗಾಳಿಗೂ ಹೆಸರಿದೆ. ರಾತ್ರಿ ತಣಿದ ಗಾಳಿ ಬೆಟ್ಟದ ಕಣಿವೆಗಳಿಂದ ಜಾರಿ ಉತ್ತರದಿಂದ ಬೀಸುತ್ತದೆ, ಅದು ತಿವಾನೊ, ಬೆಳಗಾದ ಮೇಲೆ ಸಣ್ಣಗೆ ಸಾಯುತ್ತದೆ. ಬಿಸಿಲೇರಿದ ಮೇಲೆ ಆ ಕಣಿವೆಗಳೇ ಕಾದು ಕೆಳಗಿನ ಬಯಲಿನ ಗಾಳಿಯನ್ನು ಎಳೆದುಕೊಳ್ಳುತ್ತವೆ, ಆಗ ದಕ್ಷಿಣದಿಂದ ಬರುವುದು ಬ್ರೇವಾ. ಮಧ್ಯಾಹ್ನದ ಹೊತ್ತಿಗೆ ಅದು ನೀರನ್ನು ಕಡೆಯಲು ಶುರು ಮಾಡುತ್ತದೆ. ಎತ್ತರದ ಅಲೆ ಏನಲ್ಲ, ಆದರೆ ಗಿಡ್ಡ ಗಿಡ್ಡ ಅಲೆ ಒತ್ತೊತ್ತಾಗಿ ಬರುತ್ತದೆ. ಸಣ್ಣ ಬೋಟಿಗೆ ಅದೇ ತೊಂದರೆ, ಒಂದರಿಂದ ಎದ್ದು ಇನ್ನೊಂದರ ಮೇಲೆ ಬೀಳುತ್ತದೆ, ಸೊಂಟಕ್ಕೆ ಗುದ್ದುತ್ತದೆ. ಒಂಬತ್ತು ಗಂಟೆಯ ನೀರು ಮಾತ್ರ ನಮ್ಮ ತೋಟದ ಕೆರೆಯ ಹಾಗೆ. ಬಿರುಗಾಳಿಯ ಸೂಚನೆ ಇದ್ದರೆ ಅವರೇ ಬಿಡುವುದಿಲ್ಲ, ದುಡ್ಡು ವಾಪಸ್ ಕೊಡುತ್ತಾರೆ ಅಥವಾ ದಿನ ಬದಲಿಸುತ್ತಾರೆ. ಬುಕ್ ಮಾಡುವಾಗ ಆ ಷರತ್ತು ಓದಿಯೇ ಮಾಡುತ್ತೇನೆ.

ಕೂರುವ ಜಾಗ ಮುಖ್ಯ. ಮುಂದಿನ ಮೂತಿಯಲ್ಲಿ ಮೆತ್ತೆ ಹಾಸಿ ಚೆಂದ ಮಾಡಿರುತ್ತಾರೆ, ಫೋಟೋ ತೆಗೆಸಿಕೊಳ್ಳುವ ಹುಡುಗರೆಲ್ಲ ಓಡಿಹೋಗಿ ಅಲ್ಲೇ ಕೂರುತ್ತಾರೆ. ಅತಿ ಹೆಚ್ಚು ಏಳುವುದು, ಬೀಳುವುದು ಅದೇ ಭಾಗ. ತೀರಾ ಹಿಂದೆ ಕುಲುಕಾಟ ಕಡಿಮೆ, ಆದರೆ ಇಂಜಿನ್ನಿನ ಸದ್ದು, ಹೊಗೆಯ ವಾಸನೆ, ಹೊನ್ನಾವರ ಘಟ್ಟ ಇಳಿಯುವಷ್ಟರಲ್ಲಿ ಬಸ್ಸು ನಿಲ್ಲಿಸುವ ನಿನಗೆ ಆಗಿಬರಲ್ಲ. ನಡುವಿನಿಂದ ಒಂದು ಸೀಟು ಹಿಂದೆ ಇಬ್ಬರೂ ಕೂತುಕೊಳ್ಳಿ. ದೊಡ್ಡ ಫೆರಿ ದಾಟಿಹೋದ ಮೇಲೆ ಅದರ ಅಲೆ ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಕ್ಯಾಪ್ಟನ್ ವೇಗ ತಗ್ಗಿಸಿ ಬೋಟನ್ನು ಅಲೆಗೆ ಓರೆಯಾಗಿ ತಿರುಗಿಸುತ್ತಾನೆ. ಮಗ್ಗುಲು ಕೊಟ್ಟರೆ ತೊಟ್ಟಿಲ ಹಾಗೆ ತೂಗುತ್ತದೆ, ಪೂರ್ತಿ ಎದುರು ಕೊಟ್ಟರೆ ಮೂತಿ ಕುಕ್ಕುತ್ತದೆ, ಅದಕ್ಕೇ ಓರೆ. ಅವನು ಹಾಗೆ ತಿರುಗಿಸಿದ್ದು ಕಂಡಾಗ ಹೆದರಬೇಡ, ಪಕ್ಕದ ಕಂಬಿ ಹಿಡಿದುಕೋ, ಎರಡು ಮೂರು ಕುಲುಕು, ಮುಗಿಯಿತು. ಕಣ್ಣು ದೂರದ ದಡದ ಮೇಲಿರಲಿ, ಫೋನಿನ ಮೇಲೆ ಬೇಡ. ವಾಂತಿ ತಡೆಯುವ ಆವೊಮಿನ್ ಮಾತ್ರೆ ಬೇಕಾದರೆ ನೀನು ತೆಗೆದುಕೋ, ಅಪ್ಪಯ್ಯನಿಗೆ ಡಾಕ್ಟರನ್ನು ಕೇಳದೆ ಕೊಡಬೇಡ. ನಿದ್ದೆ ಬರಿಸುತ್ತದೆ ಅದು, ನಿದ್ದೆಗಣ್ಣಲ್ಲಿ ಬೋಟು ಇಳಿಯಬಾರದು.

ನಿಜವಾಗಿ ಎಚ್ಚರ ಬೇಕಾದ್ದು ಹತ್ತುವಾಗಿನ ಆ ಅರ್ಧ ನಿಮಿಷಕ್ಕೆ. ದಕ್ಕೆ ಕದಲುವುದಿಲ್ಲ, ಬೋಟು ಕದಲುತ್ತದೆ. ಅಂಚಿನ ಮೇಲೆ ಭಾರ ಹಾಕಿದರೆ ಬೋಟು ಆ ಮಗ್ಗುಲಿಗೆ ವಾಲುತ್ತದೆ, ಆದ್ದರಿಂದ ಅಂಚು ದಾಟಿಸಿ ಆದಷ್ಟು ನಡುವಿಗೆ ಕಾಲಿಡಬೇಕು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟುಕೊಂಡು ಯೋಚನೆ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಯೋಚನೆ ಮಾಡಿದಷ್ಟೂ ನಡುವಿನ ಸಂದು ಅಗಲವಾಗುತ್ತದೆ. ಕ್ಯಾಪ್ಟನ್ ಕೈ ಚಾಚಿದಾಗ ಬೆರಳು ಹಿಡಿಯುವುದಲ್ಲ, ಅವನ ಮಣಿಕಟ್ಟನ್ನು ಇವರು, ಇವರ ಮಣಿಕಟ್ಟನ್ನು ಅವನು ಹಿಡಿಯಬೇಕು, ಆಗ ಬೆವರಿದರೂ ಜಾರುವುದಿಲ್ಲ. ದಕ್ಕೆಯಿಂದ ಕೆಳಗೆ ಇಳಿಯುವಾಗ ನೋಯುವ ಬಲಗಾಲು ಮೊದಲು, ವಾಪಸ್ ಮೇಲೆ ಹತ್ತುವಾಗ ಗಟ್ಟಿ ಎಡಗಾಲು ಮೊದಲು. ಇದನ್ನು ಈಗಿನಿಂದಲೇ ಜಗುಲಿಯ ಮೆಟ್ಟಿಲ ಮೇಲೆ ದಿನಾ ಎರಡು ಸಲ ಮಾಡಿಸು. ಕೂತ ಮೇಲೆ ಕೈ ಹೊರಗೆ ಇಡಬಾರದು, ದಕ್ಕೆಗೆ ತಾಗುವ ಬೋಟನ್ನು ಕೈಯಿಂದ ತಡೆಯಲು ಹೋಗಲೇಬಾರದು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸಣ್ಣ ಜಜ್ಜುಗಾಯವೂ ದೊಡ್ಡ ಕಪ್ಪು ಬಾವು ಆಗುತ್ತದೆ. ನಮ್ಮ ತೋಟದಲ್ಲಿ ಕತ್ತಿ ಹಿಡಿಯುವುದನ್ನಾದರೂ ಈಗ ಬಿಟ್ಟಿದ್ದಾರಾ?

ಪಂಚೆ ಬೇಡ. ಗಾಳಿಗೂ ಅಡ್ಡಿ, ಕಾಲಿಗೂ ಅಡ್ಡಿ. ಅಂಗಡಿಯಲ್ಲಿ ಹೊಲಿಸಿದ ಪ್ಯಾಂಟು ಪೆಟ್ಟಿಗೆಯಲ್ಲೇ ಇದೆಯಲ್ಲ, ಅದನ್ನು ತರಿಸು. ನಿನ್ನ ಸೀರೆಗೂ ಅದೇ ಮಾತು, ನೆರಿಗೆ ಎತ್ತಿ ಹಿಡಿಯುವ ಕೈ ಕ್ಯಾಪ್ಟನ್ನಿಗೆ ಬೇಕಾಗುತ್ತದೆ, ಚೂಡಿದಾರ ಹಾಕಿಕೋ. ಮೇ ತಿಂಗಳಲ್ಲೂ ಬೆಳಗ್ಗೆ ನೀರಿನ ಮೇಲೆ ಚಳಿ ಇರುತ್ತದೆ, ಸ್ವೆಟರು, ಕಿವಿ ಮುಚ್ಚುವ ಟೋಪಿ ಎರಡೂ ಇರಲಿ. ಮರದ ನೆಲದ ಬೋಟಾದರೆ ಚಪ್ಪಲಿ ಬಿಡಿಸುತ್ತಾರೆ, ದೇವಸ್ಥಾನದ ಹಾಗೆ. ಮೆತ್ತಗಿನ ಅಡಿಯ ಶೂ ಸಾಕು.

ಆಳ ಎಷ್ಟು ಅಂತ ಕೇಳಿದ್ದೀಯ. ಹೇಳಬಾರದು ಅಂದುಕೊಂಡಿದ್ದೆ. 400 ಮೀಟರಿಗೂ ಮಿಕ್ಕಿದೆ, ಜೋಗದ ರಾಜಾ ಫಾಲ್ಸನ್ನು ಪೂರ್ತಿ ಒಳಗೆ ನಿಲ್ಲಿಸಿದರೂ ತಲೆ ಕಾಣಿಸಲ್ಲ. ಆದರೆ ತೇಲುವ ಬೋಟಿಗೆ ಮೂರು ಮೀಟರೂ ಒಂದೇ, ಮುನ್ನೂರು ಮೀಟರೂ ಒಂದೇ. ತಲೆಗೊಂದು ಲೈಫ್ ಜಾಕೆಟ್ ಬೋಟಿನಲ್ಲಿ ಇರಲೇಬೇಕು, ಹೆಚ್ಚಾಗಿ ಸೀಟಿನ ಅಡಿಯಲ್ಲಿ ಇಟ್ಟಿರುತ್ತಾರೆ. ಯಾರೂ ಹಾಕಿಕೊಳ್ಳುವುದಿಲ್ಲ. ಕೇಳಿದರೆ ಕೊಡುತ್ತಾರೆ, ನಗುವುದೂ ಇಲ್ಲ. ಅಪ್ಪಯ್ಯ ಹಾಕಿಕೊಳ್ಳಲಿ, ಚಳಿಗೂ ಆಯಿತು.

ವರೆನ್ನಾದಿಂದ ಹೊರಟರೆ ಸುತ್ತು ಇಷ್ಟು: ಬೆಲ್ಲಾಜೊದ ಮೂಗಿನ ತುದಿ ಬಳಸಿ, ವಿಲ್ಲಾ ಮೆಲ್ಜಿಯ ತೋಟದ ಪಕ್ಕದಿಂದ ಅಡ್ಡ ದಾಟಿ, ಲೆನ್ನೊ ಹತ್ತಿರ ನೀರಿಗೆ ಚಾಚಿದ ಗುಡ್ಡದ ಮೇಲಿರುವ ವಿಲ್ಲಾ ಬಾಲ್ಬಿಯಾನೆಲ್ಲೊ. ಅದರ ಕೊನೆಯ ಯಜಮಾನ ಗುಯಿದೊ ಮೊಂಜೀನೊ, 1973ರಲ್ಲಿ ಇಟಲಿಯವರ ಮೊದಲ ಎವರೆಸ್ಟ್ ತಂಡ ಕಟ್ಟಿಕೊಂಡು ಹೋದವನು. ಸಾಯುವಾಗ ಮನೆಯನ್ನು ಪರಂಪರೆ ಕಾಯುವ ಸಂಸ್ಥೆಗೆ ಬರೆದುಕೊಟ್ಟ. ಒಳಗೆ ಹೋಗುವುದಾದರೆ ಮತ್ತೆ ಮೆಟ್ಟಿಲು, ನೀರಿನಿಂದ ನೋಡಿದರೇ ಚೆಂದ. ಬರುವಾಗ ತ್ರೆಮೆಜೊದ ವಿಲ್ಲಾ ಕಾರ್ಲೊತ್ತಾ, ಏಪ್ರಿಲ್-ಮೇನಲ್ಲಿ ಅಲ್ಲಿನ ಅಜೇಲಿಯಾ ಹೂವಿನ ಗೋಡೆಗಳೇ ನಿಂತಿರುತ್ತವೆ, ನಿನಗೆ ಅಂತಲೇ. ಅಪ್ಪಯ್ಯನಿಗೆ ವರೆನ್ನಾದ ಪಕ್ಕದ ಫ್ಯೂಮೆಲಾತ್ತೆ ತೋರಿಸಬೇಕು. ಬರೀ 250 ಮೀಟರ್ ಉದ್ದದ ಹೊಳೆ. ಗುಹೆಯಿಂದ ಹಾಲಿನ ಹಾಗೆ ನೊರೆಯಾಗಿ ಹೊರಟು, ಅಷ್ಟು ದೂರ ಓಡಿ, ಸರೋವರ ಸೇರುತ್ತದೆ. ಚಳಿಗಾಲದಲ್ಲಿ ಪೂರ್ತಿ ಒಣಗುತ್ತದೆ, ವಸಂತಕ್ಕೆ ಮತ್ತೆ ಹುಟ್ಟುತ್ತದೆ.

ದಡದಲ್ಲಿ ಲೂಚಿಯಾ ಅನ್ನುವ ಹಳೆಯ ಮೀನುದೋಣಿಗಳು ಕಾಣುತ್ತವೆ, ಮೇಲೆ ಮೂರು ಬಾಗಿದ ಮರದ ಕಮಾನು. ಕಮಾನಿಗೆ ಬಟ್ಟೆ ಹೊದೆಸಿದರೆ ಥೇಟ್ ಕಮಾನುಗಾಡಿ, ಎತ್ತು ಮಾತ್ರ ಇಲ್ಲ.

ಊಟದ ಚಿಂತೆ ಬೇಡ. ಬೋಟಿಗೆ ಹತ್ತುವ ಮುಂಚೆ ಎರಡು ಇಡ್ಲಿಯಷ್ಟು ತಿನ್ನಬೇಕು, ಖಾಲಿ ಹೊಟ್ಟೆಗೇ ತಲೆ ಸುತ್ತುವುದು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ ಒಳಗೆ ಊಟ ಮುಗಿಸಬೇಕು, ಆಮೇಲೆ ಅಡುಗೆಮನೆಯನ್ನೇ ಮುಚ್ಚುತ್ತಾರೆ, ಎಷ್ಟು ಬೇಡಿದರೂ ಒಲೆ ಹತ್ತಿಸಲ್ಲ. ಪೊಲೆಂತಾ ಅಂತ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂದುಕೋ, ತಾಮ್ರದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕೋಲಾಡಿಸಿ ಮಾಡುತ್ತಾರೆ. ಮೇಲೆ ಚೀಸ್ ಹಾಕಬೇಡಿ ಅಂತ ನಾನೇ ಹೇಳುತ್ತೇನೆ, ಪಾರ್ಮಿಜಾನೊ ಚೀಸಿನ ಹೆಪ್ಪು ಕರುವಿನ ಹೊಟ್ಟೆಯದ್ದು. ಅಪ್ಪೆಮಿಡಿ ಜೇಬಿನಲ್ಲಿರುತ್ತದೆ.

ಇನ್ಶೂರೆನ್ಸ್ ವಿಷಯ ತಮ್ಮನಿಗೆ ಹೇಳು. ವೀಸಾಕ್ಕೆ ಕಡಿಮೆ ಅಂದರೂ 30,000 ಯೂರೊದ್ದು ಬೇಕು, ಆದರೆ ಅಗ್ಗದ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ಕೈ ಎತ್ತುತ್ತವೆ. ಸ್ಟೆಂಟ್ ಇದೆ ಅಂತ ಬರೆದೇ ಕೊಡಬೇಕು, ಮುಚ್ಚಿಡಬಾರದು. ಮಾತ್ರೆಗಳೆಲ್ಲ ಕೈಚೀಲದಲ್ಲಿ, ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ, ಕಂಪನಿಯ ಹೆಸರು ಇಲ್ಲಿಯವರಿಗೆ ಗೊತ್ತಾಗಲ್ಲ. ಮೇನಲ್ಲಿ ನಾವು ನಿಮಗಿಂತ ಮೂರೂವರೆ ಗಂಟೆ ಹಿಂದೆ, ರಾತ್ರಿ ಎಂಟರ ಮಾತ್ರೆ ಇಲ್ಲಿ ಸಂಜೆ ನಾಲ್ಕೂವರೆಗೆ ಬೀಳುತ್ತದೆ, ಅದನ್ನೂ ಡಾಕ್ಟರನ್ನೇ ಕೇಳು. ಸ್ಟೆಂಟಿನ ಮಾತ್ರೆ ಒಂದು ದಿನವೂ ತಪ್ಪಬಾರದು. ಏನಾದರೂ ಆದರೆ, ಆಗಲ್ಲ, ಆದರೂ ಬರೆಯುತ್ತೇನೆ, 112ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ದೊಡ್ಡ ಆಸ್ಪತ್ರೆ ಇಲ್ಲೇ ಲೆಕ್ಕೊದಲ್ಲಿ, ವರೆನ್ನಾದಿಂದ ರೈಲಿಗೇ ಅರ್ಧ ಗಂಟೆ ಇಲ್ಲ. ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗುವುದಕ್ಕಿಂತ ಹತ್ತಿರ. ಖಂಡಿತ ಏನೂ ಆಗಲ್ಲ. ಕೂತು ಹೋಗಿ ಕೂತು ಬರುವುದು ಅಷ್ಟೇ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವಷ್ಟು ಆಯಾಸವೂ ಇಲ್ಲ.

ಇಷ್ಟೆಲ್ಲ ನಾನು ಬರೆದೆ, ನಾನು ಮೂರು ಸಲ ಕೇಳಿದ್ದಕ್ಕೆ ನೀನು ಒಂದು ಸಲವೂ ಉತ್ತರ ಬರೆದಿಲ್ಲ. ಹೋದ ತಿಂಗಳ ಹೃದಯದ ಇಕೋ ರಿಪೋರ್ಟಿನಲ್ಲಿ ಏನಿದೆ? ಫೋನಿನಲ್ಲಿ "ಎಲ್ಲ ಸರಿ ಇದೆ" ಅಂತೀಯ, ಅಪ್ಪಯ್ಯ "ಅಮ್ಮನನ್ನು ಕೇಳು" ಅಂತಾರೆ, ತಮ್ಮ ಮಾತು ತಿರುಗಿಸುತ್ತಾನೆ. ಸರಿ ಇದ್ದರೆ ಫೋಟೋ ತೆಗೆದು ಕಳಿಸಲು ಏನು ಕಷ್ಟ? ಬೋಟು ಯಾವಾಗ ಬೇಕಾದರೂ ಬುಕ್ ಮಾಡಬಹುದು, ರದ್ದೂ ಮಾಡಬಹುದು. ಡಾಕ್ಟರು ಬೇಡ ಅಂದಿದ್ದರೆ ಬೇಡ ಅಂತಲೇ ಬರೆ. ನಾನೇ ಬರುತ್ತೇನೆ.

ಬೆಳಗ್ಗೆ ಐದೂವರೆಗೆ ಎದ್ದು ರೈಲು ಹಿಡಿಯಬೇಕು, ನಾಳೆ ರೈಲು ಮುಷ್ಕರ ಬೇರೆ, ಬೆಳಗ್ಗೆಯೂ ಸಂಜೆಯೂ ಆರರಿಂದ ಒಂಬತ್ತರ ಒಳಗಿನವು ಮಾತ್ರ ಖಾತ್ರಿ. ಅತ್ತೆಗೆ, ಪುಟ್ಟಿಗೆ ಕೇಳಿದೆ ಅಂತ ಹೇಳು. ರಿಪೋರ್ಟಿನ ಎರಡೂ ಪುಟ ಕಳಿಸು, ಮೊದಲನೇ ಪುಟ ಮಾತ್ರ ಅಲ್ಲ.

ನಿನ್ನ,
ಅಣ್ಣಿ