ಈ ಸ್ಟೀರಾಯ್ಡ್ ಮಾತ್ರೆ ಬಿಡಿಸಬೇಡಿ

ಮಾನ್ಯ ಸಂಪಾದಕರೇ,

‘ಅದು ಸ್ಟೀರಾಯ್ಡ್ ಅಂತೆ, ಒಳ್ಳೇದಲ್ಲ, ನಿಲ್ಲಿಸಿಬಿಡಿ.’ ಮದುವೆಮನೆಯಲ್ಲಿ ನೆಂಟರೊಬ್ಬರು ನಮ್ಮ ಅಮ್ಮನಿಗೆ ಹೀಗೆ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಅಮ್ಮ ನಮಗೂ ತಿಳಿಸದೆ ಮಾತ್ರೆ ಬಿಟ್ಟರು. ಐದನೇ ದಿನ ವಾಂತಿ ಶುರುವಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಗುರುತೂ ಸರಿಯಾಗಿ ಸಿಗುತ್ತಿರಲಿಲ್ಲ.

ಅಮ್ಮನಿಗಿರುವುದು ಶೀಹಾನ್ ಸಿಂಡ್ರೋಮ್. ನನ್ನ ತಮ್ಮ ಹುಟ್ಟಿದಾಗ ವಿಪರೀತ ರಕ್ತ ಹೋಗಿತ್ತು. ದೇಹದ ಬೇರೆ ಗ್ರಂಥಿಗಳಿಗೆ ಕೆಲಸ ಹಚ್ಚುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಸುರಿಯಲ್ಲಿ ದಪ್ಪಗಾಗಿರುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ಅದಕ್ಕೆ ರಕ್ತ ಸಾಲದೆ ಒಂದಷ್ಟು ಭಾಗ ಸತ್ತೇ ಹೋಗಬಹುದು. ಬ್ರಿಟನ್ನಿನ ವೈದ್ಯ ಶೀಹಾನ್ 1937ರಲ್ಲೇ ಇದನ್ನು ವಿವರಿಸಿ ಬರೆದಿದ್ದರು.

ತಮ್ಮನಿಗೆ ಎದೆಹಾಲು ಬರಲೇ ಇಲ್ಲ, ಹಸುವಿನ ಹಾಲಲ್ಲಿ ಬೆಳೆದ. ಅಮ್ಮನಿಗೆ ಮತ್ತೆ ಮುಟ್ಟೂ ಆಗಲಿಲ್ಲ. ಬಾಣಂತನ ಸರಿ ಆಗಿಲ್ಲ ಎಂದರು ಮನೆಯವರು. ಹದಿನಾರು ವರ್ಷ ಸುಸ್ತು, ಚಳಿ, ಲೋ ಬಿಪಿ. ತಡೆಯಲಾಗದಾಗ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವುದು. ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ ಮಾತ್ರ ನೋಡಿ ನಾರ್ಮಲ್ ಎಂದರು. ಟಿಎಸ್‌ಎಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಹಚ್ಚುವ ಹಾರ್ಮೋನ್; ಅದನ್ನು ಮಾಡುವ ಪಿಟ್ಯುಟರಿಯೇ ಕೆಟ್ಟಿದ್ದಾಗ ಆ ಒಂದು ಅಂಕಿ ನಂಬುವಂತಿಲ್ಲ ಎಂದು ನಮಗೇನು ಗೊತ್ತು? ಕೊನೆಗೆ ಒಬ್ಬ ವೈದ್ಯರು, ‘ಕೊನೇ ಹೆರಿಗೆ ಆದ ಮೇಲೆ ಹಾಲು ಬಂತಾ ಅಮ್ಮ?’ ಎಂದು ಕೇಳಿದರು. ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ.

ಅವರು ಮೊದಲು ಕೊಟ್ಟಿದ್ದು ಹೈಡ್ರೋಕಾರ್ಟಿಸೋನ್ ಎಂಬ ಈ ಸ್ಟೀರಾಯ್ಡ್ ಮಾತ್ರೆ, ಕೆಲವು ದಿನ ಬಿಟ್ಟು ಥೈರಾಯ್ಡ್ ಮಾತ್ರೆ. ಈ ಕ್ರಮ ತಪ್ಪಬಾರದು. ಥೈರಾಯ್ಡ್ ಮಾತ್ರೆ ಮೊದಲು ಹೋದರೆ, ಜೀವ ಹಿಡಿದಿಡುವ ಕಾರ್ಟಿಸಾಲ್ ಹಾರ್ಮೋನ್ ಇರುವ ಚೂರುಪಾರು ಕೂಡ ಬೇಗ ಖರ್ಚಾಗಿ ಜೀವಕ್ಕೇ ಅಪಾಯ ಬರಬಹುದು.

ಸ್ಟೀರಾಯ್ಡ್ ಬಗ್ಗೆ ಜನರಿಗಿರುವ ಭಯ ಸುಳ್ಳಲ್ಲ. ಮಂಡಿನೋವಿಗೆ ಯಾರೋ ಕೊಟ್ಟ ಪುಡಿಯಲ್ಲಿ ಅದು ಸೇರಿದ್ದರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಅಮ್ಮನ ಕತೆ ಬೇರೆ. ಪಿಟ್ಯುಟರಿ ಹೇಳಿದಂತೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ದಿನಾ ಮಾಡಬೇಕಾದ ಕಾರ್ಟಿಸಾಲ್ ಅನ್ನೇ ಅವರು ನುಂಗುತ್ತಿದ್ದಾರೆ. ಬೆಳಿಗ್ಗೆ 10 ಮಿಲಿಗ್ರಾಂ, ಮಧ್ಯಾಹ್ನದ ಮೇಲೆ 5. ದೇಹಕ್ಕೆ ಬೇಕಾದಷ್ಟೇ. ಇನ್ನು ಬೇರೆ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡವರ ಅಡ್ರಿನಲ್ ಕೂಡ ಕೆಲಸ ಮರೆತಿರುತ್ತದೆ. ಅವರೂ ದಿಢೀರನೆ ಬಿಡುವಂತಿಲ್ಲ. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಜ್ವರ ಬಂದರೆ ಅಮ್ಮನ ಮಾತ್ರೆ ಎರಡು ಪಟ್ಟಾಗಬೇಕು. ಆರೋಗ್ಯವಂತರ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಅಮ್ಮನ ದೇಹಕ್ಕೆ ಅದು ಆಗುವುದಿಲ್ಲ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕೇ ಬೇಕು. ಆ ರಾತ್ರಿ ನಾವು ಹೋದ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. ಇಂಜೆಕ್ಷನ್ ಕೊಡಲು ಮಾತ್ರ ಹಿಂದೆಮುಂದೆ ನೋಡಿದರು. ಅಮ್ಮನ ವೈದ್ಯರಿಗೆ ಫೋನ್ ಹಚ್ಚಿ ಮಾತಾಡಿಸುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಕೊಟ್ಟ ಮೇಲೆ, ಬೆಳಗಾಗುವಷ್ಟರಲ್ಲಿ ಎದ್ದು ಕೂತು ಕಾಫಿ ಕೇಳಿದರು. ಆ ಒಂದು ಗಂಟೆ ನೆನೆದರೆ ಈಗಲೂ ಕೈ ನಡುಗುತ್ತದೆ.

ಈ ಇಂಜೆಕ್ಷನ್ ದುಬಾರಿಯದ್ದಲ್ಲ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆರೋಗ್ಯ ಇಲಾಖೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ 108 ಆಂಬುಲೆನ್ಸ್‌ನಲ್ಲೂ ಇದು ಖಾಲಿಯಾಗದಂತೆ ನೋಡಿಕೊಳ್ಳಲಿ. ಇಂಥ ರೋಗಿ ಬಂದರೆ ಕಾಯದೆ ಕೊಡಿ ಎಂದು ಲಿಖಿತವಾಗಿ ತಿಳಿಸಲಿ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದ ತಾಯಂದಿರನ್ನು, ಹಾಲು ಬಂತಾ, ಮುಟ್ಟು ಮತ್ತೆ ಶುರುವಾಯಿತಾ ಎಂದು ಆಶಾ ಕಾರ್ಯಕರ್ತೆಯರು ವಿಚಾರಿಸಲಿ.

ಅಮ್ಮನ ಪರ್ಸಿನಲ್ಲಿ ಈಗ ಕಾಯಿಲೆಯ ಹೆಸರು, ಮಾತ್ರೆಯ ಪ್ರಮಾಣ, ವೈದ್ಯರ ನಂಬರ್ ಬರೆದ ಚೀಟಿ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿದ್ದೇನೆ. ಇಂಥ ಮಾತ್ರೆ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಒಂದು ಬರೆದುಕೊಡಿ.

– ಓದುಗರೊಬ್ಬರು, ತುಮಕೂರು ಜಿಲ್ಲೆ